ಗಾಳಿಯ ಲೆಕ್ಕದಲ್ಲಿ ಹದ್ದಿನ ಪಾಲು

ಈ ಸಂಚಿಕೆಯ ಅಂಕಣಕ್ಕೆ ವಿಷಯವನ್ನು ಒದಗಿಸಿದ್ದು ಒಂದು ಹದ್ದು. ಹೇಗೆಂದರೆ, ಕಳೆದ ತಿಂಗಳ ಎರಡನೆಯ ಭಾನುವಾರ ಸಂಘದ ಕಾರ್ಯಕಾರಿ ಸಮಿತಿಯ ಸಭೆ ಮುಗಿದ ಮೇಲೆ ನಾವೆಲ್ಲ ಮಹಡಿಯ ಬಿಸಿಲಿನಲ್ಲಿ ಕುಳಿತು ಉಪ್ಪಿಟ್ಟು ಬೋಂಡಗಳ ಸಮಾರಾಧನೆಯಲ್ಲಿ ತೊಡಗಿದ್ದೆವು. ಸದಸ್ಯರೊಬ್ಬರ ಆರು ವರ್ಷದ ಮೊಮ್ಮಗ ತನ್ನ ಪಾಲಿನ ಬೋಂಡವನ್ನು ಹಿಡಿದುಕೊಂಡು ಮೋಟುಗೋಡೆಯ ಬಳಿ ನಿಂತಿದ್ದ. ಎಲ್ಲಿತ್ತೋ ಏನೋ, ಒಂದು ಹದ್ದು ಸುಯ್ಯೆಂದು ಇಳಿದು ಬೋಂಡವನ್ನು ಕಿತ್ತುಕೊಂಡು ನೀರಿನ ಟ್ಯಾಂಕಿನ ಮೇಲೆ ಹೋಗಿ ಕುಳಿತಿತು. ಮಗುವಿನ ಬೆರಳಿಗೆ ಒಂದು ಗೀರೂ ತಗಲಿರಲಿಲ್ಲ. ಅಳು ಮಾತ್ರ ಮೂರು ಬೀದಿಗೆ ಕೇಳುವಂತಿತ್ತು. ಹದ್ದು ಬೋಂಡವನ್ನು ಎರಡು ಸಲ ಕುಕ್ಕಿ, ಒಳಗಿರುವುದು ಆಲೂಗಡ್ಡೆಯೆಂದು ತಿಳಿದ ಕೂಡಲೆ ಅದನ್ನು ಅಲ್ಲಿಯೇ ಬಿಟ್ಟು ಹಾರಿಹೋಯಿತು. ಉಪಾಹಾರದ ವ್ಯವಸ್ಥೆ ನೋಡಿಕೊಂಡ ಮಹನೀಯರು ಇದನ್ನು ಟೀಕೆಯೆಂದು ಭಾವಿಸಬಾರದಾಗಿ ಕೋರಿಕೆ.

ಆಗ ನಮ್ಮ ತರುಣ ಸದಸ್ಯರೊಬ್ಬರು ಒಂದು ಮಾತು ತೆಗೆದರು. ಇವರು ಗುರುಗ್ರಾಮದಲ್ಲಿ ಗಾಳಿ ವಿದ್ಯುತ್ತಿನ ಕಂಪನಿಯೊಂದರಲ್ಲಿ ಇಂಜಿನಿಯರು. ಕೆಲಸದ ಮೇಲೆ ವರ್ಷಕ್ಕೆ ನಾಲ್ಕಾರು ಸಲ ನಮ್ಮ ನಾಡಿನ ಬೆಟ್ಟಗಳಿಗೆ ಹೋಗಿಬರುತ್ತಾರೆ. "ಯಂತ್ರಗಳ ಕೆಳಗೆ ಇಂಥ ಹಕ್ಕಿ ಬಿದ್ದಿರುವುದನ್ನು ನಾನೇ ನೋಡಿದ್ದೇನೆ ಸಾರ್. ಒಂದರ ರೆಕ್ಕೆ ಪೂರ್ತಿ ತುಂಡಾಗಿತ್ತು. ಎಷ್ಟು ಬೀಳುತ್ತವೆ ಅಂತ ಎಣಿಸುವವರು ಮಾತ್ರ ಯಾರೂ ಇಲ್ಲ" ಎಂದರು. ಅಷ್ಟಕ್ಕೆ ನಿಲ್ಲಿಸದೆ, ರಾಜ್ಯೋತ್ಸವದ ಲೆಕ್ಕದಲ್ಲಿ ಉಳಿದಿರುವ 40,000 ರೂಪಾಯಿಗಳಲ್ಲಿ ಅರ್ಧವನ್ನು ಈ ಬಗೆಯ ಸಂಶೋಧನೆಗೆ ಏಕೆ ಕೊಡಬಾರದು ಎಂದೂ ಕೇಳಿಬಿಟ್ಟರು.

ನಮ್ಮ ಹಿರಿಯರೊಬ್ಬರು, 1964ರಲ್ಲಿ ಕೇಂದ್ರ ಸರ್ಕಾರದ ನೌಕರಿಗೆಂದು ದಿಲ್ಲಿಗೆ ಬಂದು ಇಲ್ಲಿಯೇ ನೆಲೆಸಿದವರು, ಕಾಫಿಯ ಲೋಟವನ್ನು ಕೆಳಗಿಟ್ಟರು. "ಅಲ್ಲಯ್ಯಾ, ನಮ್ಮೂರ ಕನ್ನಡ ಶಾಲೆಯ ಮಾಡು ಸೋರುತ್ತಿದೆ. ಅದಕ್ಕೆ ಕೊಡುವುದು ಬಿಟ್ಟು ಮಗುವಿನ ಕೈಯಿಂದ ಬೋಂಡ ಕದಿಯುವ ಪಕ್ಷಿಗೆ ದುಡ್ಡು ಕೊಡೋಣವೇ?" ಎಂದರು. ಎಲ್ಲರೂ ನಕ್ಕರು. ನಗು ಬಂದಿತಾದರೂ ಪ್ರಶ್ನೆ ಉಳಿಯಿತು. ಕೊನೆಗೆ ಅದನ್ನು ಮುಂದಿನ ಸಭೆಗೆ ಇಟ್ಟುಕೊಂಡು, ಅಷ್ಟರೊಳಗೆ ವಿಷಯವನ್ನು ವಿಚಾರಿಸಿ ವಾಚಕರ ಮುಂದಿಡುವ ಹೊಣೆಯನ್ನು ನಮ್ಮ ತಲೆಗೆ ಕಟ್ಟಿದರು.

ವಿಚಾರಿಸುತ್ತ ಹೋದಾಗ ನಾವು ಮೊದಲು ಬಂದು ನಿಂತುದು ಈ ದಿಲ್ಲಿಯಲ್ಲಿಯೇ. ನಮ್ಮಲ್ಲಿ ಹಳಬರಿಗೆ ನೆನಪಿರಬಹುದು. ಆಗ ಇಲ್ಲಿ ಹದ್ದುಗಳಷ್ಟೇ ಅಲ್ಲ, ರಣಹದ್ದುಗಳೂ ಹೇರಳವಾಗಿದ್ದವು. ಗಲುಶಿನ್ ಎಂಬ ರಷ್ಯದ ಪಕ್ಷಿಶಾಸ್ತ್ರಜ್ಞರು 1960ರ ದಶಕದಲ್ಲಿ ದಿಲ್ಲಿಯ ಬೇಟೆಹಕ್ಕಿಗಳನ್ನು ಎಣಿಸಿ, 1971ರಲ್ಲಿ 'ಐಬಿಸ್' ಎಂಬ ಪಕ್ಷಿಶಾಸ್ತ್ರದ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಈ ನಗರದಲ್ಲಿ ಗೂಡು ಕಟ್ಟುವ ಬೇಟೆಹಕ್ಕಿಗಳು ಸಾವಿರಾರು ಜೋಡಿ ಇವೆಯೆಂದೂ, ಅವುಗಳಲ್ಲಿ ಬಹುಪಾಲು ಹದ್ದುಗಳಾದರೂ ಬಿಳಿಬೆನ್ನಿನ ರಣಹದ್ದುಗಳೂ ನೂರಾರು ಜೋಡಿ ಇವೆಯೆಂದೂ ಅವರು ಬರೆದರು. ಇಂದು ಹದ್ದುಗಳಿವೆ. ರಣಹದ್ದು ತಮ್ಮ ಮನೆಯ ಮೇಲೆ ಹಾರಿತೆಂದು ಹೇಳುವವರು ನಮ್ಮ ಸಂಘದಲ್ಲಿ ಒಬ್ಬರೂ ಸಿಗಲಿಲ್ಲ.

ಅವು ಹೋದ ಕಥೆ ನಮ್ಮ ವಿಷಯಕ್ಕೆ ಸಂಬಂಧಪಟ್ಟುದೇ ಆದುದರಿಂದ ಒಂದೆರಡು ಮಾತು. 1992ರಿಂದ 2007ರೊಳಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮಿಕ್ಕಿ ಅಳಿದುಹೋದವು. ಏಕೆಂದು ಬಹುಕಾಲ ಯಾರಿಗೂ ತಿಳಿಯಲಿಲ್ಲ. ರೋಗವೆಂದರು ಕೆಲವರು, ಕೀಟನಾಶಕವೆಂದರು ಮತ್ತೆ ಕೆಲವರು. 2004ರಲ್ಲಿ ಲಿಂಡ್ಸೆ ಓಕ್ಸ್ ಎಂಬ ಅಮೆರಿಕದ ವಿಜ್ಞಾನಿಯೂ ಅವರ ಸಂಗಡಿಗರೂ ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಪರೀಕ್ಷಿಸಿ, ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧವೇ ಕಾರಣವೆಂದು ತೋರಿಸಿಕೊಟ್ಟರು. ಆ ಶೋಧನೆಯ ಬೆನ್ನಿಗಿದ್ದುದು ಪೆರೆಗ್ರಿನ್ ಫಂಡ್ ಎಂಬ ಒಂದು ಖಾಸಗಿ ಪಕ್ಷಿಪ್ರೇಮಿ ಸಂಸ್ಥೆ. 2006ರಲ್ಲಿ ನಮ್ಮ ಸರ್ಕಾರ ಪಶುಗಳಿಗೆ ಆ ಔಷಧವನ್ನು ನಿಷೇಧಿಸಿತು. ಕಾರಣ ತಿಳಿದ ಮೇಲೆ ನಿಷೇಧಕ್ಕೆ ಎರಡು ವರ್ಷ ಸಾಕಾಯಿತು. ಕಾರಣ ತಿಳಿಯುವುದಕ್ಕೇ ಹತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಆ ಹತ್ತು ವರ್ಷಗಳಲ್ಲಿ ಹಕ್ಕಿಗಳೇ ಮುಗಿದುಹೋದವು. ಇಲ್ಲಿಂದ ಚಂಡೀಗಢದ ದಾರಿಯಲ್ಲಿ ಹೋದರೆ ಸಿಗುವ ಪಿಂಜೋರಿನಲ್ಲಿ ಹರಿಯಾಣದ ಅರಣ್ಯ ಇಲಾಖೆಯೂ ಬೊಂಬಾಯಿಯ ನೇಚರಲ್ ಹಿಸ್ಟರಿ ಸೊಸೈಟಿಯೂ ಸೇರಿ ಉಳಿದ ರಣಹದ್ದುಗಳನ್ನು ಸಾಕಿ ಮರಿಮಾಡಿಸುತ್ತಿವೆ. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಕಳೆದುದನ್ನು ತುಂಬಿಸುವುದೆಂದರೆ ಹನಿಹನಿಯಾಗಿ ಹಂಡೆ ತುಂಬಿದಂತೆ.

ಇನ್ನು ಗಾಳಿಯ ವಿಷಯ.

ಬೆಂಗಳೂರಿನಿಂದ ಹುಬ್ಬಳ್ಳಿಗೆ ರಸ್ತೆಯಲ್ಲಿ ಹೋದವರಿಗೆ ಚಿತ್ರದುರ್ಗ ಹತ್ತಿರವಾದಂತೆ ಬೆಟ್ಟದ ನೆತ್ತಿಗಳ ಮೇಲೆ ಸಾಲಾಗಿ ನಿಂತ ಬಿಳಿಯ ಯಂತ್ರಗಳ ಪರಿಚಯ ಇದ್ದೇ ಇದೆ. ಹಳ್ಳಿಯವರು ಇವನ್ನು ಸುಮ್ಮನೆ 'ಫ್ಯಾನು' ಎನ್ನುತ್ತಾರೆ. ಗದಗದ ಕಪ್ಪತಗುಡ್ಡದ ಕಡೆಗೂ ಇವು ಎದ್ದಿವೆ. ರಜೆಗೆ ಊರಿಗೆ ಹೋದಾಗ ನಮ್ಮ ಮಕ್ಕಳು ಕೋಟೆಯನ್ನು ನೋಡುವುದಕ್ಕಿಂತ ಮೊದಲು ಇವನ್ನು ಎಣಿಸುತ್ತಾರೆ. 2025ರ ಮಾರ್ಚ್ ಕೊನೆಗೆ ದೇಶದಲ್ಲಿ ಗಾಳಿ ವಿದ್ಯುತ್ತಿನ ಸಾಮರ್ಥ್ಯ 50,000 ಮೆಗಾವಾಟನ್ನು ದಾಟಿತು. ಆ ಒಂದು ಹಣಕಾಸಿನ ವರ್ಷದಲ್ಲಿ ಎಲ್ಲ ರಾಜ್ಯಗಳಿಗಿಂತ ಹೆಚ್ಚು ಹೊಸ ಯಂತ್ರಗಳನ್ನು ನಿಲ್ಲಿಸಿದುದು ನಮ್ಮ ಕರ್ನಾಟಕವೇ. ಸುಮಾರು 1,331 ಮೆಗಾವಾಟ್. ಇದು ಹೆಮ್ಮೆಯ ಸಂಗತಿಯೆಂದೇ ನಾವು ತಿಳಿದಿದ್ದೇವೆ. ನವೆಂಬರ್ ತಿಂಗಳಲ್ಲಿ ದಿಲ್ಲಿಯ ಹೊಗೆಯನ್ನು ಕುಡಿದು, ಮಕ್ಕಳ ಶಾಲೆಗೆ ರಜೆ ಕೊಡಿಸಿಕೊಂಡು, ಕಿಟಕಿ ಬಾಗಿಲುಗಳನ್ನು ಬಿಗಿದುಕೊಂಡು ಕೂರುವ ನಾವು ಕಲ್ಲಿದ್ದಲಿಲ್ಲದ ವಿದ್ಯುತ್ತಿಗೆ ಅಡ್ಡಿ ಹೇಳುವುದುಂಟೆ? ನಮ್ಮ ಮನೆಗಳಿಗೆ ದೀಪ ಕೊಡುವ ಕಂಪನಿಗಳೂ ದೂರದ ರಾಜ್ಯಗಳ ಗಾಳಿ ವಿದ್ಯುತ್ತನ್ನು ಕೊಳ್ಳುತ್ತವೆ. ಯಂತ್ರ ಅಲ್ಲಿ ತಿರುಗಿದರೂ ಫಲದಲ್ಲಿ ನಮಗೂ ಪಾಲಿದೆ. ಪಾಲಿದ್ದವರಿಗೆ ಹೊಣೆಯೂ ಉಂಟಷ್ಟೆ.

ತೊಡಕು ಇರುವುದು ಯಂತ್ರವೂ ಹದ್ದೂ ಒಂದೇ ಜಾಗವನ್ನು ಆರಿಸಿಕೊಳ್ಳುವುದರಲ್ಲಿ. ಬೆಟ್ಟದ ಏಣಿಗೆ ಬಡಿದ ಗಾಳಿ ಮೇಲೇಳುತ್ತದೆ. ಆ ಮೇಲೇಳುವ ಗಾಳಿಯ ಮೇಲೆ ರೆಕ್ಕೆ ಚಾಚಿ, ಬಡಿಯದೆ, ಗಂಟೆಗಟ್ಟಲೆ ತೇಲುವುದು ಹದ್ದು ಗಿಡುಗಗಳ ಕ್ರಮ. ಇಂಜಿನಿಯರು ಯಂತ್ರ ನಿಲ್ಲಿಸುವುದೂ ಅದೇ ಏಣಿನ ಮೇಲೆ. ಅಷ್ಟು ಚೂಪು ಕಣ್ಣಿನ ಹಕ್ಕಿಗೆ ಅಷ್ಟು ದೊಡ್ಡ ಯಂತ್ರ ಕಾಣುವುದಿಲ್ಲವೇ ಎಂದು ನಮ್ಮ ಹಿರಿಯರು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. ರಣಹದ್ದುಗಳ ಕಣ್ಣಿನ ನೋಟವನ್ನು ಅಳೆದ ಬ್ರಿಟನ್ನಿನ ವಿಜ್ಞಾನಿಗಳು 2012ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಬೇಟೆಯನ್ನೋ ಹೆಣವನ್ನೋ ಹುಡುಕುತ್ತ ತಲೆ ತಗ್ಗಿಸಿ ಹಾರುವಾಗ ಆ ಹಕ್ಕಿಗೆ ನೇರ ಮುಂದಿನ ಹಾದಿ ಕಾಣದ ಭಾಗದಲ್ಲಿ ಬೀಳುತ್ತದೆ. ಕೋಟಿ ವರ್ಷಗಳಿಂದ ಆಕಾಶದಲ್ಲಿ ಅದಕ್ಕೆ ಎದುರಾಗುವ ವಸ್ತುವೇ ಇರಲಿಲ್ಲ. ಮುಂದೆ ನೋಡಿಕೊಂಡು ಹಾರುವ ಅಗತ್ಯ ಬೀಳಲಿಲ್ಲ. ಅದರ ಮೇಲೆ ಯಂತ್ರದ ರೆಕ್ಕೆ ದೂರಕ್ಕೆ ನಿಧಾನವಾಗಿ ತಿರುಗಿದಂತೆ ಕಂಡರೂ ಅದರ ತುದಿ ಗಂಟೆಗೆ ಇನ್ನೂರೈವತ್ತು ಕಿಲೋಮೀಟರಿನ ವೇಗವನ್ನೂ ಮೀರುವುದುಂಟು. ಕಣ್ಣು ಅದನ್ನು ಹಿಡಿಯುವ ಮೊದಲೇ ಏಟು ಬಿದ್ದಿರುತ್ತದೆ.

ಈಗ ಎಣಿಕೆಯ ಮಾತು. ನಮ್ಮ ತರುಣರು "ಎಣಿಸುವವರು ಯಾರೂ ಇಲ್ಲ" ಎಂದುದು ಪೂರ್ತಿ ನಿಜವಲ್ಲ. ಇದ್ದಾರೆ, ಆದರೆ ಬೆರಳೆಣಿಕೆಯಷ್ಟು. ಕೊಯಮತ್ತೂರಿನ ಸಲೀಂ ಅಲಿ ಪಕ್ಷಿಶಾಸ್ತ್ರ ಕೇಂದ್ರದ ಸಂಶೋಧಕರು 2011ರಿಂದ 2014ರವರೆಗೆ ಗುಜರಾತಿನ ಕಚ್ಛದಲ್ಲಿಯೂ ನಮ್ಮ ದಾವಣಗೆರೆಯಲ್ಲಿಯೂ ಯಂತ್ರಗಳ ಬುಡದಲ್ಲಿ ಸುತ್ತಾಡಿ ಸತ್ತ ಹಕ್ಕಿಗಳನ್ನು ಹುಡುಕಿದರು. ಕಚ್ಛದಲ್ಲಿ ಮೂರು ವರ್ಷಕ್ಕೆ 47, ದಾವಣಗೆರೆಯಲ್ಲಿ ಒಂದು ವರ್ಷಕ್ಕೆ 7 ಸಿಕ್ಕವು. ನಾಯಿ ನರಿಗಳು ಹೊತ್ತೊಯ್ದುವೂ ಪೊದೆಯಲ್ಲಿ ಕಣ್ಣಿಗೆ ಬೀಳದವೂ ಇರುತ್ತವಾದ್ದರಿಂದ ಸಿಕ್ಕಿದ್ದೇ ಒಟ್ಟು ಲೆಕ್ಕವಲ್ಲ. ಆ ತಿದ್ದುಪಡಿ ಸೇರಿಸಿ, ಒಂದು ಯಂತ್ರಕ್ಕೆ ವರ್ಷಕ್ಕೆ ಸುಮಾರು ಅರ್ಧ ಹಕ್ಕಿ ಎಂದು ಅವರು ಅಂದಾಜು ಮಾಡಿದರು. ನಿಖರವಾಗಿ ಹೇಳುವುದಾದರೆ ಕಚ್ಛದಲ್ಲಿ 0.478, ದಾವಣಗೆರೆಯಲ್ಲಿ 0.466. ಇದು 2019ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಅರ್ಧ ಹಕ್ಕಿ ಎಂದರೆ ಏನು ಮಹಾ ಎನಿಸಬಹುದು. ಮನೆಯ ಬೆಕ್ಕು ಅದಕ್ಕಿಂತ ಹೆಚ್ಚು ಕೊಲ್ಲುತ್ತದೆ. ನಿಜ. ಆದರೆ ಬೆಕ್ಕು ಕೊಲ್ಲುವುದು ಗುಬ್ಬಿಯನ್ನು. ವರ್ಷಕ್ಕೆ ಎರಡು ಮೂರು ಸಲ ಮರಿಮಾಡುವ ಜಾತಿಯನ್ನು. ದೊಡ್ಡ ಗಿಡುಗವೊಂದು ಪ್ರಾಯಕ್ಕೆ ಬರಲು ನಾಲ್ಕೈದು ವರ್ಷ ಬೇಕು, ಬಂದ ಮೇಲೆ ವರ್ಷಕ್ಕೆ ಒಂದೋ ಎರಡೋ ಮರಿ. ಆ ಅರ್ಧ ಹಕ್ಕಿಯಲ್ಲಿ ಪಾರಿವಾಳವೆಷ್ಟು, ಗಿಡುಗವೆಷ್ಟು ಎಂಬುದರ ಮೇಲೆ ಎಲ್ಲವೂ ನಿಂತಿದೆ. ದಾವಣಗೆರೆಯ ಲೆಕ್ಕವನ್ನು ಚಿತ್ರದುರ್ಗಕ್ಕೂ ಗದಗಕ್ಕೂ ಗುಣಿಸಿಕೊಂಡು ಹೋಗುವುದೂ ನ್ಯಾಯವಲ್ಲ. ಒಂದು ಬೆಟ್ಟದಂತೆ ಇನ್ನೊಂದಿಲ್ಲ. ಪ್ರತಿ ಬೆಟ್ಟಕ್ಕೂ ಹೋಗಿ ನೋಡಬೇಕು. ನೋಡುವುದಕ್ಕೆ ಹಣ ಬೇಕು.

ಸಾವಿನ ಲೆಕ್ಕ ಒಂದಾದರೆ, ಹಕ್ಕಿ ಆ ಜಾಗವನ್ನೇ ಬಿಟ್ಟುಹೋಗುವುದು ಇನ್ನೊಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಠಾಕರ್ ಅವರೂ ಸಂಗಡಿಗರೂ ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಮಾಡಿದ ಅಧ್ಯಯನ 2018ರಲ್ಲಿ ಹೊರಬಂದಿತು. ಅಲ್ಲಿ ಯಂತ್ರಗಳಿರುವ ಕಡೆ ಬೇಟೆಹಕ್ಕಿಗಳು ಯಂತ್ರಗಳಿಲ್ಲದ ಕಡೆಗಿಂತ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲಿಗೆ ಇಳಿದಿದ್ದವು. ಇದಕ್ಕಿಂತ ಸ್ವಾರಸ್ಯವಾದುದು ಮುಂದಿದೆ. ಆ ಬಯಲಿನಲ್ಲಿ ಗಂಟಲಿನ ಚರ್ಮವನ್ನು ಬಣ್ಣದ ಬೀಸಣಿಗೆಯಂತೆ ಬಿಚ್ಚಿ ತೋರಿಸುವ ಒಂದು ಜಾತಿಯ ಓತಿ ಇದೆ. ಮೇಲಿನಿಂದ ಎರಗುವ ಹದ್ದಿನ ಭಯ ತಪ್ಪಿದ ಕಡೆ ಈ ಓತಿಗಳ ಸಂಖ್ಯೆ ಹೆಚ್ಚಿತು. ಮನುಷ್ಯ ಹತ್ತಿರ ಹೋದರೂ ಓಡದಷ್ಟು ಧೈರ್ಯ ಬಂದಿತು. ರಕ್ತದಲ್ಲಿ ಅಂಜಿಕೆಯ ರಸ ಕಡಿಮೆಯಾಗಿತ್ತು. ಆದರೆ ಬಾಯಿಗಳು ಹೆಚ್ಚಾದ ಮೇಲೆ ಮೇವು ಸಾಲದೆ ಮೈ ಬಡವಾಯಿತು, ಗಂಡುಗಳ ಗಂಟಲಿನ ಬಣ್ಣವೂ ಮಾಸಿತು. ಮೇಲೆ ಯಂತ್ರ ತಿರುಗಿದರೆ ಕೆಳಗೆ ಓತಿಯ ಬಣ್ಣ ಮಾಸುತ್ತದೆಂದು ಹತ್ತು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ. ಹೋಗಿ ಕುಳಿತು ನೋಡಿದವರಿಗೆ ಮಾತ್ರ ಕಂಡ ಸಂಗತಿ ಇದು.

ಹೀಗೆ ಹೋಗಿ ನೋಡಬೇಕೆಂದು ಕಾನೂನು ಹೇಳುತ್ತದೆಯೇ? ಇಲ್ಲವೆಂದೇ ಹೇಳಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಯೋಜನೆಗಳನ್ನು ಸೇರಿಸಿಲ್ಲ. ಅರಣ್ಯದ ನೆಲ ಬೇಕಾದರೆ ಅದಕ್ಕೆ ಬೇರೆ ಅನುಮತಿ ಉಂಟು. ಕಂದಾಯದ ನೆಲವೋ ರೈತರ ಹೊಲವೋ ಆದರೆ ಹಕ್ಕಿಗಳ ಸಮೀಕ್ಷೆ ಮಾಡಲೇಬೇಕೆಂಬ ಕಟ್ಟಳೆ ಆ ಅಧಿಸೂಚನೆಯಿಂದ ಬರುವುದಿಲ್ಲ. ಹೊಗೆಯಿಲ್ಲದ ವಿದ್ಯುತ್ತಿಗೆ ಕಾಗದಪತ್ರಗಳ ಕಾಟ ಬೇಡವೆಂಬ ಒಳ್ಳೆಯ ಉದ್ದೇಶವೇ ಅದರ ಹಿಂದಿತ್ತೆಂದು ನಾವು ಒಪ್ಪುತ್ತೇವೆ. ಆದರೆ ಫಲವೇನಾಯಿತೆಂದರೆ, ಕಡ್ಡಾಯವಿಲ್ಲದ ಕಡೆ ಕಂಪನಿ ಖರ್ಚು ಮಾಡುವುದಿಲ್ಲ. ಖರ್ಚು ಮಾಡುವ ಕೆಲವರು ತಮಗೆ ಸಾಲ ಕೊಟ್ಟ ವಿದೇಶೀ ಬ್ಯಾಂಕು ಕೇಳಿತೆಂದು ಮಾಡುತ್ತಾರೆ, ಮತ್ತು ವರದಿಯನ್ನು ಕಪಾಟಿನಲ್ಲಿ ಇಡುತ್ತಾರೆ. ನಮ್ಮ ತರುಣ ಸದಸ್ಯರು ಇದನ್ನು ಬಹಳ ಸಂಕೋಚದಿಂದ ಒಪ್ಪಿಕೊಂಡರು.

ಹೊರದೇಶಗಳಲ್ಲಿ ಏನು ಮಾಡಿದರು ನೋಡೋಣ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಆಲ್ಟಮಾಂಟ್ ಎಂಬ ಕಣಿವೆ ಉಂಟು. 1980ರ ದಶಕದಲ್ಲಿ ಅಲ್ಲಿ ಸಾವಿರಾರು ಸಣ್ಣ ಯಂತ್ರಗಳನ್ನು ಹಿಂದುಮುಂದು ನೋಡದೆ ನೆಟ್ಟರು. ಅದು ಗೋಲ್ಡನ್ ಈಗಲ್ ಎಂಬ ರಾಜಗಾಂಭೀರ್ಯದ ಗಿಡುಗದ ಬೀಡು. ಆ ರಾಜ್ಯದ ಇಂಧನ ಆಯೋಗ ತಾನೇ ಹಣ ಕೊಟ್ಟು ಮಾಡಿಸಿದ ಅಧ್ಯಯನ 2004ರಲ್ಲಿ ಹೊರಬಂದು, ವರ್ಷಕ್ಕೆ 75ರಿಂದ 116 ಗಿಡುಗಗಳು ಅಲ್ಲಿ ಸಾಯುತ್ತಿವೆಯೆಂದು ಅಂದಾಜು ಮಾಡಿತು. ಆ ಅಂಕಿ ಕೈಯಲ್ಲಿದ್ದುದರಿಂದಲೇ ಪಕ್ಷಿಪ್ರೇಮಿಗಳ ಮಾತಿಗೆ ನ್ಯಾಯಾಲಯದಲ್ಲಿ ಬೆಲೆ ಬಂದಿತು. 2010ರಲ್ಲಿ ಅಲ್ಲಿನ ದೊಡ್ಡ ಕಂಪನಿಯೊಂದು ಹಳೆಯ ಯಂತ್ರಗಳನ್ನು ತೆಗೆದು, ಕಡಿಮೆ ಸಂಖ್ಯೆಯ ದೊಡ್ಡ ಯಂತ್ರಗಳನ್ನು ಜಾಗ ನೋಡಿ ನಿಲ್ಲಿಸಲು ಒಪ್ಪಿ, 25 ಲಕ್ಷ ಡಾಲರುಗಳನ್ನೂ ಕೊಟ್ಟಿತು. ಅದರಲ್ಲಿ ಅರ್ಧ ಹಕ್ಕಿಗಳ ನೆಲೆಗೆ, ಇನ್ನರ್ಧ ಸಂಶೋಧನೆಗೆ. ಆ ಸಂಶೋಧನೆಯ ಹಣ ಹೋದುದು ಕಂಪನಿಯ ಕೈಗಲ್ಲ, ಸರ್ಕಾರದ ಸಂಶೋಧನಾ ನಿಧಿಗೆ. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬರುತ್ತದೆ.

ಸ್ಪೇನಿನ ತಾರಿಫಾ ಕಡೆಯದು ಇನ್ನೂ ಸೊಗಸಾದ ಸುದ್ದಿ. ಅಲ್ಲಿ ರಣಹದ್ದುಗಳು ಯಂತ್ರದ ಹತ್ತಿರ ಬಂದುದನ್ನು ಕಂಡ ಕಾವಲಿನವರು ಕಚೇರಿಗೆ ತಿಳಿಸುತ್ತಾರೆ. ಆ ಒಂದು ಯಂತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಹಕ್ಕಿ ಹೋದ ಮೇಲೆ ಮತ್ತೆ ತಿರುಗಿಸುತ್ತಾರೆ. 2012ರಲ್ಲಿ ಪ್ರಕಟವಾದ ಲೆಕ್ಕದಂತೆ ಇದರಿಂದ ರಣಹದ್ದುಗಳ ಸಾವು ಅರ್ಧಕ್ಕೆ ಇಳಿಯಿತು. ವಿದ್ಯುತ್ತಿನಲ್ಲಿ ಆದ ನಷ್ಟವೆಷ್ಟು ಗೊತ್ತೆ? ವರ್ಷಕ್ಕೆ ನೂರಕ್ಕೆ 0.07. ಸಾವಿರ ರೂಪಾಯಿ ಸಂಪಾದನೆಯಲ್ಲಿ ಎಪ್ಪತ್ತು ಪೈಸೆ. ಎಪ್ಪತ್ತು ಪೈಸೆ ಸಾಕೆಂದು ತಿಳಿಯಲು ಹತ್ತು ಹದಿನೈದು ವರ್ಷ ಹಕ್ಕಿಗಳನ್ನು ಎಣಿಸಬೇಕಾಯಿತು. ನಾರ್ವೆಯ ಸ್ಮೋಲಾ ದ್ವೀಪದಲ್ಲಿ ನಾಲ್ಕು ಯಂತ್ರಗಳ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದು ನೋಡಿದರು. ಪಕ್ಕದ ಯಂತ್ರಗಳಿಗೆ ಹೋಲಿಸಿದರೆ ಹಕ್ಕಿಗಳ ಸಾವು ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ತಗ್ಗಿತೆಂದು 2020ರಲ್ಲಿ ಬರೆದರು. ನಾಲ್ಕೇ ಯಂತ್ರಗಳ ಮಾತಾದುದರಿಂದ ನಾವು ಇದನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ನಮ್ಮ ದೇಶದ ಧೂಳಿನಲ್ಲಿಯೂ ಬಿಸಿಲಿನಲ್ಲಿಯೂ ಕಪ್ಪು ರೆಕ್ಕೆ ಹೇಗೆ ನಡೆದುಕೊಳ್ಳುತ್ತದೋ ಬಳಿದು ನೋಡಿದ ಮೇಲೆಯೇ ಹೇಳಬೇಕು. ಒಂದು ಡಬ್ಬ ಬಣ್ಣದ ವಿಷಯವೇ ಆದರೂ ನೋಡಬೇಕಲ್ಲ.

ನಂಬಿಕೆಯ ಮಾತು ಬಂದುದರಿಂದ ಇನ್ನೊಂದು ಪ್ರಸಂಗ. ಗಿಡುಗ ಬರುವುದನ್ನು ಕ್ಯಾಮೆರಾದಿಂದ ಗುರುತಿಸಿ ಯಂತ್ರವನ್ನು ತಾನಾಗಿ ನಿಲ್ಲಿಸುವ ಉಪಕರಣವೊಂದನ್ನು ಅಮೆರಿಕದ ವಯೋಮಿಂಗಿನಲ್ಲಿ ಪರೀಕ್ಷಿಸಿ, ಸಾವು ನೂರಕ್ಕೆ 82ರಷ್ಟು ತಗ್ಗಿತೆಂದು 2021ರಲ್ಲಿ ಪ್ರಕಟಿಸಿದರು. ಎಲ್ಲರೂ ಹಿಗ್ಗಿದರು. 2023ರಲ್ಲಿ ಬೇರೆ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ, ಅಷ್ಟು ದೊಡ್ಡ ಮಾತಿಗೆ ಈ ಅಂಕಿಗಳಲ್ಲಿ ಆಧಾರ ಸಾಲದೆಂದರು. ಯಾರು ಸರಿಯೆಂದು ತೀರ್ಪು ಕೊಡಲು ನಾವು ಹೊರಟಿಲ್ಲ. ಅಂಕಿಗಳು ಬಹಿರಂಗವಾಗಿದ್ದುದರಿಂದ ಇನ್ನೊಬ್ಬರು ಎತ್ತಿಕೊಂಡು ನೋಡಲು ಸಾಧ್ಯವಾಯಿತು. ಕಂಪನಿಯ ಕಪಾಟಿನಲ್ಲಿದ್ದರೆ 82 ಎಂಬುದೇ ವೇದವಾಕ್ಯವಾಗಿ ಉಳಿಯುತ್ತಿತ್ತು.

ಹಾಗಾದರೆ ನಮ್ಮ ದೇಶದಲ್ಲಿ ಹಣ ಎಲ್ಲಿಂದ ಬರಬೇಕು? 2013ರ ಕಂಪನಿ ಕಾಯಿದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ ಎರಡು ಭಾಗವನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಪ್ರಾಣಿಪಕ್ಷಿಗಳ ರಕ್ಷಣೆ ಆ ಪಟ್ಟಿಯಲ್ಲಿದೆ. ಸರ್ಕಾರಿ ಸಂಶೋಧನಾ ಸಂಸ್ಥೆಗಳಿಗೆ ಕೊಡುವುದೂ ಇದೆ. ಆದರೆ ತನ್ನ ವ್ಯಾಪಾರದ ಮಾಮೂಲು ಕೆಲಸವನ್ನೇ ಈ ಲೆಕ್ಕಕ್ಕೆ ಸೇರಿಸಲು ನಿಯಮ ಬಿಡುವುದಿಲ್ಲ. ತಾನು ಮಾಡಿದ ಗಾಯಕ್ಕೆ ತಾನೇ ಪಟ್ಟಿ ಕಟ್ಟಿ ದಾನವೆಂದು ಬರೆದುಕೊಳ್ಳುವುದು ಸಲ್ಲದಷ್ಟೆ. ಅದು ಸರಿಯಾದ ನಿಯಮವೇ. ಆದ್ದರಿಂದ ನಮಗೆ ತೋರುವ ಮಟ್ಟಿಗೆ, ಹಕ್ಕಿಯ ಅಧ್ಯಯನದ ಖರ್ಚನ್ನು ದಾನದ ಲೆಕ್ಕದಲ್ಲಲ್ಲ, ಸಿಮೆಂಟು ಕಬ್ಬಿಣಗಳ ಜೊತೆಗೆ ಯೋಜನೆಯ ವೆಚ್ಚದಲ್ಲಿಯೇ ಬರೆಯಬೇಕು. ಹಣ ಕಂಪನಿಯದು, ಆದರೆ ಅದನ್ನು ಹಂಚುವ ಕೈ ಬೇರೆಯವರದು. ಆಲ್ಟಮಾಂಟಿನಲ್ಲಿ ಮಾಡಿದಂತೆ.

ಎಷ್ಟು ಬೇಕೆಂಬುದನ್ನೂ ಕೂಡಿಸಿ ನೋಡಿದೆವು. ಸರ್ಕಾರದ ದರದಂತೆ 2023ರಿಂದ ಕಿರಿಯ ಸಂಶೋಧಕರೊಬ್ಬರಿಗೆ ತಿಂಗಳಿಗೆ 37,000 ರೂಪಾಯಿ. ಮನೆ ಬಾಡಿಗೆಯ ಭತ್ಯೆ ಬೇರೆ. ಎರಡು ವರ್ಷಕ್ಕೆ 8,88,000. ಹಕ್ಕಿಯ ಬೆನ್ನಿಗೆ ಕಟ್ಟಿ ಅದರ ದಾರಿ ತಿಳಿಯುವ ಉಪಕರಣ ಒಂದಕ್ಕೆ ಲಕ್ಷ ರೂಪಾಯಿಯ ಆಸುಪಾಸು. (ದಿಲ್ಲಿಯ ಕಸದ ಗುಡ್ಡಗಳ ಮೇಲೆ ಚಳಿಗಾಲ ಕಳೆಯುವ ಹದ್ದುಗಳಲ್ಲಿ ಒಂದು ಬಗೆಯವು ಬೇಸಿಗೆಗೆ ಹಿಮಾಲಯವನ್ನು ದಾಟಿ ಮಧ್ಯ ಏಷ್ಯಕ್ಕೆ ಹೋಗಿ ಮರಿಮಾಡುತ್ತವೆಂದು ತಿಳಿದುಬಂದುದು ಇಂಥ ಉಪಕರಣದಿಂದಲೇ. ನಮ್ಮ ಬೋಂಡದ ಕಳ್ಳನೂ ಆ ದಾರಿಯ ಪ್ರಯಾಣಿಕನೋ ಏನೋ.) ಎರಡು ಮೆಗಾವಾಟಿನ ಒಂದು ಯಂತ್ರ ನಿಲ್ಲಿಸಲು ಹತ್ತು ಕೋಟಿ ಎಂದಿಟ್ಟುಕೊಂಡರೆ, ಒಬ್ಬ ಸಂಶೋಧಕರ ಎರಡು ವರ್ಷದ ವೇತನ ಒಂದೇ ಒಂದು ಯಂತ್ರದ ಬೆಲೆಯಲ್ಲಿ ನೂರಕ್ಕೆ ಒಂದು ಭಾಗವೂ ಆಗುವುದಿಲ್ಲ.

ಈ ಲೆಕ್ಕದ ಮುಂದೆ ನಮ್ಮ ಸಂಘದ 20,000 ರೂಪಾಯಿ ಒಬ್ಬ ಸಂಶೋಧಕರ ಹದಿನಾರು ದಿನದ ಅನ್ನ. ಆದುದರಿಂದ ಹಿರಿಯರ ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆಯೆಂದು ನಾವು ಒಪ್ಪುತ್ತೇವೆ: ಈ ಕೆಲಸ ಚಂದಾ ಎತ್ತಿ ಮಾಡುವಂಥದಲ್ಲ. ವಜೀರಾಬಾದಿನಲ್ಲಿ ನದೀಮ್ ಶಹಜಾದ್, ಮೊಹಮ್ಮದ್ ಸೌದ್ ಎಂಬ ಸಹೋದರರು ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕೊಯ್ದುಕೊಂಡ ಹದ್ದುಗಳಿಗೆ ಚಿಕಿತ್ಸೆ ಮಾಡುತ್ತ ಬಂದಿದ್ದಾರೆ. ಅವರ ಮೇಲೆ 2022ರಲ್ಲಿ ಬಂದ 'ಆಲ್ ದಟ್ ಬ್ರೀದ್ಸ್' ಚಿತ್ರವನ್ನು ನಮ್ಮಲ್ಲಿ ಹಲವರು ನೋಡಿದ್ದೀರಿ. ಅವರೂ ಹಣಕ್ಕೆ ಪರದಾಡಿದವರೇ. ಆದರೆ ರಕ್ತ ಸುರಿಯುವ ಹಕ್ಕಿಯನ್ನು ಕಂಡರೆ ನಮ್ಮ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಬೆಟ್ಟದ ಮೇಲೆ ಪುಸ್ತಕ ಹಿಡಿದು ಎಣಿಸುತ್ತ ಕೂತವನಿಗೆ ಯಾರ ಕೈಯೂ ಹೋಗುವುದಿಲ್ಲ. ಅವನಿಗೆ ಸರ್ಕಾರದ ಕಟ್ಟಳೆಯೇ ಅನ್ನ ಕೊಡಬೇಕು.

ಕಟ್ಟಳೆ ಬರೆಯುವ ಊರಿನಲ್ಲಿಯೇ ನಾವಿದ್ದೇವೆ. ಲೋಧಿ ರಸ್ತೆಯ ನವೀಕರಿಸಬಹುದಾದ ಇಂಧನ ಮಂತ್ರಾಲಯದಲ್ಲಿ, ಜೋರ್ ಬಾಗಿನ ಪರಿಸರ ಮಂತ್ರಾಲಯದಲ್ಲಿ ಕಡತಗಳನ್ನು ಸಾಗಿಸುವವರಲ್ಲಿ ಕನ್ನಡಿಗರೂ ಇದ್ದಾರೆ. ಗುರುಗ್ರಾಮದ ಗಾಜಿನ ಕಟ್ಟಡಗಳಲ್ಲಿ ಯೋಜನೆಗಳ ಅಂದಾಜು ಪಟ್ಟಿ ತಯಾರಿಸುವವರಲ್ಲಿ ನಮ್ಮ ಹುಡುಗ ಹುಡುಗಿಯರಿದ್ದಾರೆ. 2016ರಲ್ಲಿ ಭಾರತ ವಲಸೆಯ ಬೇಟೆಹಕ್ಕಿಗಳ ರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದೆ. ಆ ಕಾಗದ ಇಲ್ಲಿಯೇ ಯಾವುದೋ ಬೀರುವಿನಲ್ಲಿದೆ. ಬರ್ಡ್‌ಲೈಫ್ ಸಂಸ್ಥೆಯೂ ಬೊಂಬಾಯಿಯ ಸೊಸೈಟಿಯೂ ಸೇರಿ ಯಾವ ನೆಲದಲ್ಲಿ ಯಂತ್ರ ನಿಲ್ಲಿಸಿದರೆ ಹಕ್ಕಿಗೆ ಅಪಾಯ ಹೆಚ್ಚೆಂಬ ಭೂಪಟವನ್ನು 2022ರಲ್ಲಿ ತಯಾರಿಸಿಕೊಟ್ಟಿವೆ. ಅಂದಾಜು ಪಟ್ಟಿಯಲ್ಲಿ 'ಹಕ್ಕಿಗಳ ಸಮೀಕ್ಷೆ, ಎರಡು ವರ್ಷ' ಎಂಬ ಒಂದು ಸಾಲು ಸೇರಿಸಿದರೆ ಕೈಗೆ ನೋವಾಗದು. ತಡವಾದರೆ ಬೆಲೆ ಹೆಚ್ಚೆಂಬುದಕ್ಕೆ ರಾಜಸ್ಥಾನದ ಎರೆಭೂತ ಹಕ್ಕಿಯೇ ಸಾಕ್ಷಿ. ಅದು ನೂರೈವತ್ತರಷ್ಟು ಉಳಿದ ಮೇಲೆ 2021ರಲ್ಲಿ ಸುಪ್ರೀಂ ಕೋರ್ಟು ವಿದ್ಯುತ್ ತಂತಿಗಳನ್ನು ನೆಲದಡಿಗೆ ಹಾಕಿರೆಂದಿತು. ಅದು ಎಲ್ಲೆಡೆ ಸಾಧ್ಯವಿಲ್ಲವೆಂಬ ವಾದ ಬಂದು 2024ರಲ್ಲಿ ಆ ಆಜ್ಞೆಯನ್ನು ಸಡಿಲಿಸಬೇಕಾಯಿತು.

ಇಷ್ಟನ್ನೂ ಬರೆದು ಮುಗಿಸುವ ಮೊದಲು ಹಿರಿಯರಿಗೆ ಫೋನಿನಲ್ಲಿ ಓದಿ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ತಾವು ಹೊಸದಾಗಿ ಬಂದಾಗ ಕ್ವಾರ್ಟರ್ಸಿನ ಹಿಂದಿನ ಮರದಲ್ಲಿ ರಣಹದ್ದುಗಳು ಕೂರುತ್ತಿದ್ದವೆಂದೂ, ಅಪಶಕುನವೆಂದು ಮನೆಯವರು ಬಟ್ಟೆ ಒಣಗಿಸಲೂ ಆ ಕಡೆ ಹೋಗುತ್ತಿರಲಿಲ್ಲವೆಂದೂ, ಯಾವಾಗ ಹೋದವೋ ನೋಡಲೇ ಇಲ್ಲವೆಂದೂ ಹೇಳಿದರು. "ಇಪ್ಪತ್ತು ಬೇಡ, ಐದು ಸಾವಿರ ಕೊಡಿ. ಉಳಿದದ್ದು ಶಾಲೆಯ ಮಾಡಿಗೆ. ಆದರೆ ಮಂತ್ರಾಲಯಕ್ಕೆ ಅರ್ಜಿ ಬರೆಯುವುದಿದ್ದರೆ ಕರಡು ನನಗೆ ಕಳಿಸಿ. ಮೂವತ್ತಾರು ವರ್ಷ ಅದನ್ನೇ ಮಾಡಿದ್ದೇನೆ, ಯಾವ ಅಧಿಕಾರಿಗೆ ಹೇಗೆ ಬರೆದರೆ ಕಡತ ಮುಂದಕ್ಕೆ ಹೋಗುತ್ತದೆ ಅಂತ ನನಗೆ ಗೊತ್ತು" ಎಂದರು. ತರುಣ ಸದಸ್ಯರು ಮೊದಲ ಕರಡನ್ನು ಇಂಗ್ಲಿಷಿನಲ್ಲಿ ಬರೆದು ಅವರ ಮನೆಗೆ ತಲುಪಿಸಿದ್ದಾರೆ. ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಕ್ಕೆ ಬಂದಿದೆ. ಎರಡನೆಯ ಕರಡು ನಡೆಯುತ್ತಿದೆ.

ಐದು ಸಾವಿರವೋ ಇಪ್ಪತ್ತೋ ಎಂಬುದು ಮುಂದಿನ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸೇರುವ ಸಭೆಯಲ್ಲಿ ತೀರ್ಮಾನವಾಗುವುದು. ಊರಿನ ಕಡೆ ಯಂತ್ರಗಳ ಬಳಿ ಸತ್ತ ಹದ್ದು ಗಿಡುಗಗಳನ್ನು ಕಂಡ ವಾಚಕರು ಜಾಗ, ತಿಂಗಳು, ವರ್ಷಗಳನ್ನು ಬರೆದು ಕಳುಹಿಸಿದರೆ ಅರ್ಜಿಯ ಜೊತೆಗೆ ಲಗತ್ತಿಸುತ್ತೇವೆ. ಸಭೆಯ ಅನಂತರದ ಉಪಾಹಾರವನ್ನು ಈ ಸಲ ಒಳಗಿನ ಹಜಾರದಲ್ಲಿ ಏರ್ಪಡಿಸಲಾಗಿದೆ.